ಮಾಲೀಕರು ಹಾಕಿದ್ದು, ಎಡಿಟರ್ ತೆಗೆದದ್ದು

"ಮತ್ತೆ ಆಫ್ ಮಾಡಿದ್ದಾನೆ," ಎಂದರು ಸ್ಟುಡಿಯೋ ಮಾಲೀಕರು. ಪರದೆಯ ಮೂಲೆಯಲ್ಲಿ ಆಂಟಿವೈರಸ್ಸಿನ ಗುರುತು ಕೆಂಪಗಾಗಿತ್ತು. "ಪಾಸ್‌ವರ್ಡ್ ಹಾಕಿದ್ದೆ. ಯಾರಿಗೂ ಹೇಳಿರ್ಲಿಲ್ಲ. ನೀನೇನಾದ್ರೂ ಹೇಳಿದ್ಯಾ?"

"ನನಗೇ ಗೊತ್ತಿಲ್ಲ ಅದು," ಎಂದಳು ಅವರ ಮಗಳು.

"ಹಾಗಾದ್ರೆ ಆ ಎಡಿಟರ್‌ಗೆ ಹೇಗೆ ಗೊತ್ತಾಯ್ತು? ಕನಸು ಬಿತ್ತಾ?"

ಇದು ದಿನಾ ಇದ್ದದ್ದೇ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ, ಇರುವುದು ಒಂದೇ ಕಂಪ್ಯೂಟರ್. ಬೆಳಗ್ಗೆ ಅದರ ಮುಂದೆ ಕೂತು ಮಾಲೀಕರು ಆಂಟಿವೈರಸ್ ಹಾಕುತ್ತಾರೆ. ಮಧ್ಯಾಹ್ನ ಎಡಿಟರ್ ಕೂತು ತೆಗೆಯುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ. ಎರಡೂ ಹೊತ್ತು ದೂರು ಕೇಳುವುದಕ್ಕೆ ಇವಳೊಬ್ಬಳು ಇದ್ದಾಳೆ.

ಮಾಲೀಕರ ಭಯ ಸುಳ್ಳಲ್ಲ. ಹಿಂದೊಮ್ಮೆ ಯಾವನೋ ಗಿರಾಕಿಯ ಪೆನ್‌ಡ್ರೈವ್‌ನಿಂದ ವೈರಸ್ ಹೊಕ್ಕು, ಒಂದು ಶಾಲೆಯ ಮಕ್ಕಳು ವರ್ಷವಿಡೀ ಮಾಡಿದ್ದ ಕಿರುಚಿತ್ರ ಪೂರ್ತಿ ಮಣ್ಣುಪಾಲಾಗಿತ್ತು. ಆ ಮಕ್ಕಳ ಮುಂದೆ ತಲೆ ತಗ್ಗಿಸಿ ನಿಂತದ್ದನ್ನು ಅವರು ಇವತ್ತಿಗೂ ಹೇಳುತ್ತಾರೆ. ಅಂದಿನಿಂದ ಅವರದು ಒಂದೇ ಮಾತು: ಕಾವಲಿಗೆ ನಿಂತದ್ದು ಕಣ್ಣು ಮುಚ್ಚಬಾರದು.

ಎಡಿಟರ್ ಸಂಕಟವೂ ಸುಳ್ಳಲ್ಲ. ತೆರೆದ ಪ್ರತಿಯೊಂದು ದೃಶ್ಯವನ್ನೂ ಆಂಟಿವೈರಸ್ ತಡಕಿ ನೋಡಿದ ಮೇಲೆಯೇ ಬಿಡುತ್ತದೆ. ಅಷ್ಟರಲ್ಲಿ ಪರದೆಯ ಮೇಲಿನ ಮನುಷ್ಯ ಬಾಯಿ ತೆರೆದು ಹಾಗೇ ನಿಂತಿರುತ್ತಾನೆ. ಮಾತು ಯಾವಾಗಲೋ ಬರುತ್ತದೆ. ಯಾರಿಗಾದರೂ ತಲೆ ಕೆಡುತ್ತದೆ. ನಿನ್ನೆಯೂ ಎಡಿಟರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಿದ್ದರು.

"ಮೇಡಂ, ನಿಮ್ಮ ಮಾಲೀಕರಿಗೆ ಒಂದು ಮಾತು ಹೇಳಿ. ಕಳ್ಳ ಬರ್ತಾನೆ ಅಂತ ಮನೆಯವರನ್ನೂ ಬಾಗಿಲಲ್ಲೇ ನಿಲ್ಲಿಸ್ತಾರಾ ಯಾರಾದ್ರೂ? ಹೀಗಾದ್ರೆ ನಾನು ಬೇರೆ ಕಡೆ ಕೆಲಸ ನೋಡ್ಕೋತೀನಿ."

"ಹಾಗನ್ನಬೇಡಿ," ಎಂದಿದ್ದಳು ಅವಳು. "ನೀವೂ ಹೋದ್ರೆ ನನಗೆ ಯಾರಿದ್ದಾರೆ?"

"ಮಾಲೀಕರಿದ್ದಾರಲ್ಲ ಮೇಡಂ," ಎಂದು ನಕ್ಕಿದ್ದರು ಎಡಿಟರ್.

ಅವಳಿಗೆ ಇಬ್ಬರೂ ಬೇಕು. ಒಂದು ನೂಲಿನ ಗಿರಣಿ ಮುಚ್ಚುತ್ತಿತ್ತು. ಅದರ ಕೆಲಸಗಾರರು ತಮ್ಮ ನೆನಪಿಗೆಂದು ಒಂದು ಚಿತ್ರ ಮಾಡಿಸುತ್ತಿದ್ದರು. ಶನಿವಾರ ಗಿರಣಿಗೆ ಬೀಗ ಬೀಳುವ ಮುಂಚೆ ಅದನ್ನು ಅಂಗಳದಲ್ಲಿ ತೋರಿಸಬೇಕು. ಆಮೇಲೆ ಅವರೆಲ್ಲ ದಿಕ್ಕಿಗೊಬ್ಬರಾಗುತ್ತಾರೆ. ಮಾತು ಕೊಟ್ಟವರು ಮಾಲೀಕರು. ಕತ್ತರಿಸಿ ಜೋಡಿಸುವ ಕೈ ಎಡಿಟರದು. ಅವಳಿಗೆ ಆ ಕೆಲಸ ಬಾರದು. ಈ ಚಿತ್ರ ಕೆಟ್ಟರೆ ಸ್ಟುಡಿಯೋ ಬಾಗಿಲನ್ನೂ ಎಳೆದುಕೊಂಡಂತೆಯೇ.

ಅದಕ್ಕೇ ಇವತ್ತು ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದ್ದಳು. ಈ ಮನೆಗೆ ಅವನು ಬಂದದ್ದು ಇದೇ ಮೊದಲು. ಕಥೆಯೆಲ್ಲ ಕೇಳಿ ನಕ್ಕುಬಿಟ್ಟ.

"ಇಷ್ಟಕ್ಕೆ ಜಗಳನಾ ಸಾರ್? ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಮಾಡಿಕೊಡ್ತೀನಿ. ಚಿತ್ರ ಇರೋ ಫೋಲ್ಡರ್ ಒಂದನ್ನ ತಡಕಬೇಡ ಅಂತ ಹೇಳಿಡೋಣ. ಮಿಕ್ಕಿದ್ದನ್ನೆಲ್ಲ ಅದು ಕಾಯ್ಕೊಂಡಿರ್ಲಿ. ಹೊರಗಿನ ಪೆನ್‌ಡ್ರೈವ್ ಮಾತ್ರ ಮೊದಲು ತಪಾಸಣೆ ಮಾಡಿ ಒಳಗೆ ಬಿಡಿ."

"ನೀವು ಹೇಳೋದು ಸರಿ," ಎಂದರು ಮಾಲೀಕರು. "ಮಾಡಿ. ಆದ್ರೆ ಅವನು ಅದನ್ನೂ ಕಿತ್ತುಹಾಕ್ತಾನೆ. ಹೇಳಿದ ಮಾತು ಕೇಳದವನಿಗೆ ಔಷಧ ಇಲ್ಲ." ಮಗಳ ಕಡೆ ತಿರುಗಿದರು. "ಇವತ್ತೇ ಅವನನ್ನ ಕೆಲಸದಿಂದ ತೆಗೆದುಬಿಡು."

"ಶನಿವಾರದ ತನಕ ಇರ್ಲಿ. ಆಮೇಲೆ ನೋಡೋಣ."

"ನಿನಗೆ ಬಾಯಿ ಬರಲ್ಲ ಅಂದ್ರೆ ನಾನೇ ಹೇಳ್ತೀನಿ. ಅವನು ಬರೋ ತನಕ ಈ ಕುರ್ಚಿ ಬಿಟ್ಟು ಏಳಲ್ಲ."

ಒಳಗೆ ಹೋಗಿ ಸ್ವಲ್ಪ ಮಲಗಿ ಎಂದು ಅವಳು ಬೇಡಿಕೊಂಡಳು. ಏಳಲ್ಲ ಅಂದ್ರೆ ಏಳಲ್ಲ. ಊಟವನ್ನೂ ಅಲ್ಲಿಗೇ ತರಿಸಿಕೊಂಡು, ಬಾಗಿಲ ಕಡೆಗೇ ನೋಡುತ್ತ ಉಂಡರು. ಇಂಥ ಹಠಕ್ಕೆ ಏನನ್ನಬೇಕು?

ರಿಪೇರಿಯವನು ಕೆಲಸ ಮುಗಿಸಿ, ತಟ್ಟೆ ತೊಳೆಯುತ್ತಿದ್ದ ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ಅಕ್ಕ, ಇಬ್ಬರನ್ನೂ ಎದುರುಬದುರು ಕೂರಿಸಿ ಒಂದ್ಸಲ ಮಾತಾಡಿಸಿಬಿಡಿ. ಮುಗಿದುಹೋಗುತ್ತೆ."

"ಅದೊಂದು ಆಗಲ್ಲ ಕಣಪ್ಪ. ಒಬ್ಬರು ಬಂದಾಗ ಇನ್ನೊಬ್ಬರು ಇರಲ್ಲ."

"ಇವತ್ತು ಇರ್ತಾರಲ್ಲ. ನಾನೂ ಕಾಯ್ತೀನಿ. ಎಡಿಟರ್‌ಗೆ ತಿಳಿಸಿ ಹೇಳಿಯೇ ಹೋಗ್ತೀನಿ. ಎಷ್ಟೊತ್ತಿಗೆ ಬರ್ತಾರೆ?"

"ಊಟ ಆದ್ಮೇಲೆ."

ಕೈ ಒರೆಸಿಕೊಂಡು ಬಂದು ಅವಳು ಗೋಡೆಗೊರಗಿ ಕೂತಳು. ಸಾಕಾಗಿಹೋಗಿತ್ತು. ಬೆಳಗಿನ ಬೈಗುಳವನ್ನು ಹೇಗೋ ತಡೆದುಕೊಳ್ಳುತ್ತಿದ್ದಳು. ಮಧ್ಯಾಹ್ನದ ಮರ್ಯಾದೆಯೇ ಅವಳಿಂದ ತಡೆಯಲಾಗುತ್ತಿರಲಿಲ್ಲ.

ಮಾಲೀಕರು ಬಾಗಿಲು ನೋಡುತ್ತಲೇ ತೂಕಡಿಸಿದರು. ತಲೆ ಎದೆಯ ಮೇಲೆ ವಾಲಿತು. ಬೀದಿಯಲ್ಲಿ ಯಾರೋ ಸ್ಕೂಟರ್ ನಿಲ್ಲಿಸಿದ ಸದ್ದಾಯಿತು. ರಿಪೇರಿಯವನು ಎದ್ದು ಇಣುಕಿ ನೋಡಿದ. ಪಕ್ಕದ ಮನೆಯವರು.

"ನಿಜವಾಗ್ಲೂ ಬರ್ತಾರಾ ಅಕ್ಕ?"

"ಬರ್ತಾರೆ," ಎಂದಳು. "ಬಾರದೆ ಇದ್ರೆ ಚೆನ್ನಾಗಿತ್ತು ಅನ್ಸುತ್ತೆ. ಆದ್ರೆ ಬರ್ತಾರೆ."

ಕುರ್ಚಿಯಲ್ಲಿದ್ದ ಅಪ್ಪ ಕಣ್ಣು ಬಿಟ್ಟು, ಮೌಸ್ ಹತ್ತಿರಕ್ಕೆ ಎಳೆದುಕೊಂಡು, ಗುರುತಿಲ್ಲದವರನ್ನು ನೋಡುವ ಹಾಗೆ ಮಗಳನ್ನು ನೋಡಿ, ವಿನಯದಿಂದ ಕೇಳಿದರು: "ಮೇಡಂ, ಮಾಲೀಕರು ಹೋದ್ರಾ?"