ಕಸ್ತೂರಿಯ ಹೊಸ್ತಿಲು

ಎಲ್ಲರಿಗೂ ಮೊಬೈಲ್ ಕ್ಯಾಮೆರಾದಂಥ ಎಚ್‌ಡಿಆರ್ ಕಣ್ಣು ಬಂದ ಮೇಲೆ ನಮ್ಮ ಓಣಿಯಲ್ಲೊಂದು ರೂಢಿ ಬೆಳೆದಿದೆ. ಬಿಸಿಲಿನಿಂದ ಬಂದವರು, ಒಳಗಿನವರಿಗೆ ಮುಖ ಕಾಣಲೆಂದು, ಹೊಸ್ತಿಲಲ್ಲಿ ತುಸು ಹೊತ್ತು ಅಲುಗಾಡದೆ ನಿಲ್ಲುತ್ತಾರೆ. ಕಣ್ಣು ಕತ್ತಲಿಗೊಂದು, ಬೆಳಕಿಗೊಂದು, ನಡುವಿನದಕ್ಕೊಂದು ಚಿತ್ರ ಹಿಡಿದು ಮೂರನ್ನೂ ಬೆಸೆಯುತ್ತದೆ. ಅಲುಗಾಡಿದವರ ಮುಖ ಮೂರಾಗಿ ಕಾಣುತ್ತದೆ.

ನನ್ನ ಗಂಡ ಮಾತ್ರ ನಮ್ಮ ಹೊಸ್ತಿಲಲ್ಲಿ ಎಂದೂ ನಿಲ್ಲುವವನಲ್ಲ.

“ಸ್ವಲ್ಪ ನಿಲ್ರಿ, ಮುಖ ನೋಡ್ತೀನಿ,” ಅಂದರೆ, “ದಿನಾ ನೋಡೋ ಮುಖ, ಅದರಾಗ ಏನೈತಿ?” ಎಂದು ಚಪ್ಪಲಿ ಕಳಚುತ್ತಲೇ ಒಳಗೆ ನುಗ್ಗುತ್ತಾನೆ.

ಇವತ್ತು ಮಧ್ಯಾಹ್ನ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಪಕ್ಕದ ಮನೆಯ ಕಸ್ತೂರಿಯ ಹೊಸ್ತಿಲಲ್ಲಿ ಅವನು ಕಂಬದ ಹಾಗೆ ನಿಂತಿದ್ದ. ಹಿಂದೆ ಉರಿಬಿಸಿಲು, ಆದರೂ ಮೀಸೆಯ ಒಂದೊಂದು ಕೂದಲೂ ಸ್ಪಷ್ಟ. ತಲೆ ಬಾಚಿಕೊಂಡಿದ್ದ ಬೇರೆ!

“ಕಸ್ತೂರಿ, ಈಗ ಛಲೋ ಕಾಣಾಕತ್ತೀನೇನು?” ಎಂದು ಕೇಳುತ್ತಿದ್ದ.

ನಾನು ಕಿಟಕಿಗೆ ಮುಖವಿಟ್ಟೆ. “ಊಟ ಆರಾಕತ್ತೈತಿ!” ಎಂದು ಚೀರಿದೆ.

ಅವನು ಗಕ್ಕನೆ ನನ್ನತ್ತ ತಿರುಗಿದ. ಮುಖ ಮೂರಾಗಿ ಕಂಡಿತು. ಒಂದು ನನ್ನನ್ನು ನೋಡುತ್ತಿತ್ತು. ಉಳಿದೆರಡು ಇನ್ನೂ ಅವಳ ಕಡೆಗೇ ಇದ್ದವು.