ಬಾರದ ವಾಂತಿ

ಪಿತ್ತಕೋಶದ ಆಪರೇಷನ್ ಮುಗಿದು ವಾರ್ಡಿಗೆ ಬಂದ ಗಂಡ ಒಮ್ಮೆಯೂ ವಾಕರಿಸಲಿಲ್ಲ. ವಾಂತಿಗೆಂದು ಕೊಟ್ಟಿದ್ದ ಟ್ರೇ ಹಿಡಿದು ಕಾದಿದ್ದ ಹೆಂಡತಿಗೆ ಅಚ್ಚರಿಯಾಯಿತು.

"ಇವ್ರಿಗೆ ವಾಂತೀನೇ ಆಗ್ಲಿಲ್ವಲ್ಲ ಸಿಸ್ಟರ್?"

ನಾಡಿ ನೋಡುತ್ತಿದ್ದ ನರ್ಸ್ ನಕ್ಕಳು. "ಒಳ್ಳೇದೇ ಆಯ್ತಲ್ಲಮ್ಮ. ಸಾಮಾನ್ಯವಾಗಿ ಸಿಗರೇಟು ಸೇದದೇ ಇರೋರಿಗೇ ಆಪರೇಷನ್ ಆದ್ಮೇಲೆ ವಾಂತಿ ಜಾಸ್ತಿ. ಸೇದೋರಿಗೆ ಕಡಿಮೆ. ಸಂಶೋಧನೇಲೇ ಗೊತ್ತಾಗಿದೆ."

ಹೆಂಡತಿ ಟ್ರೇ ಕುಕ್ಕಿದಳು. "ಏನ್ರೀ, ಬಿಟ್ಟೆ ಅಂತ ನನ್ನ ತಲೆ ಮುಟ್ಟಿ ಆಣೆ ಮಾಡಿದ್ರಲ್ಲ!"

ನಿದ್ದೆ ಬಂದವನಂತೆ ಮಲಗಿದ್ದ ಗಂಡ ಮೆಲ್ಲಗೆ ಒಂದು ಕಣ್ಣು ತೆರೆದ.

"ಹೋದ ವರ್ಷ ನಿಂಗೂ ಇದೇ ಆಪರೇಷನ್ ಆಯ್ತಲ್ಲೇ. ಆವಾಗ ನೀನೂ ವಾಂತಿ ಮಾಡ್ಲಿಲ್ಲ."

ಹೆಂಡತಿ ನರ್ಸ್ ಕಡೆ ತಿರುಗಿದಳು.

"ಸಂಶೋಧನೆ ಅಂದ್ಮೇಲೆ ತಪ್ಪೂ ಇರುತ್ತೆ, ಅಲ್ವಾ ಸಿಸ್ಟರ್?"