ಹೂಗೈಯ ಬಾಕಿ

“ನೀನು ಕೆಲಸ ಬಿಟ್ಟು ಹೋದಮೇಲೆ ಇನ್ನೊಬ್ಬರ ಕೈಗೆ ಈ ಮುಖ ಕೊಟ್ಟಿಲ್ಲ ಕಣಯ್ಯ,” ಎಂದು ಸಲೂನಿನ ಯಜಮಾನ ಕುರ್ಚಿಗೆ ಒರಗಿ ಗಡ್ಡ ಎತ್ತಿ ತೋರಿಸಿದ. “ಹೊಸಬ ಬೇರೆ ಇವತ್ತು ಕೈ ಕೊಟ್ಟಿದ್ದಾನೆ. ಮಧ್ಯಾಹ್ನ ಬೀಗರು ಬರ್ತಾರೆ, ಪೂರ್ತಿ ಬೋಳಿಸಿಬಿಡು.”

ಮೂರು ತಿಂಗಳ ಸಂಬಳ ಕೇಳಲು ಬಂದಿದ್ದ ಹೂಗೈ ಆಗಲೇ ನೊರೆ ಕಲಸತೊಡಗಿದ್ದ. ಅವನು ಕತ್ತಿ ಆಡಿಸಿದರೆ ಹೂವು ಸವರಿದ ಹಾಗಿರುತ್ತದೆಂದು ಗಿರಾಕಿಗಳು ಇಟ್ಟ ಹೆಸರು ಅದು. ಹೊಗಳಿದರೆ ಸಾಕು, ಉಬ್ಬಿಹೋಗುವ ಪ್ರಾಣಿ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಖಡಕ್ ಮಾತೆಲ್ಲ ಸೋಪಿನ ಜೊತೆ ಕರಗಿಹೋಯಿತು. ಹೀಗಾಗುತ್ತದೆಂದು ಗೊತ್ತಿದ್ದೇ ಹೆಂಡತಿ ಜೊತೆಗೆ ಬಂದು, ಗಿರಾಕಿಗಳ ಬೆಂಚಿನ ಮೇಲೆ ಕೂತು ಅವನ ಬೆನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಈ ದುಡ್ಡು ಬಂದರೇನೇ ಸ್ವಂತ ಅಂಗಡಿಗೆ ಕುರ್ಚಿ. ಸಂಜೆಯೊಳಗೆ ಹಣ ಕಟ್ಟದಿದ್ದರೆ ಅದನ್ನು ಬೇರೆಯವರಿಗೆ ಮಾರುವುದಾಗಿ ಕುರ್ಚಿಯವನು ಹೇಳಿಬಿಟ್ಟಿದ್ದ.

ಬಲಗೆನ್ನೆ ನುಣ್ಣಗಾಯಿತು. ಕತ್ತಿ ಗಂಟಲಿಗೆ ಬಂತು. ಬೆಂಚಿನಿಂದ ಕೆಮ್ಮು ಕೇಳಿಸಿತು.

“ಸಾರ್, ಅದೇ... ನನ್ನ ಬಾಕಿ...”

“ಈಗ ಮಾತಾಡಿಸ್ಬೇಡಪ್ಪ, ಕುಯ್ದುಬಿಟ್ಟೀಯ!”

“ತಪ್ಪಾಯ್ತು ಸಾರ್.”

ತನ್ನ ಸಂಬಳ ನುಂಗಿದವನ ಗಂಟಲ ಮೇಲೆ ಕತ್ತಿ ಇಟ್ಟುಕೊಂಡು, ತಾನೇ ತಪ್ಪಾಯ್ತು ಅಂದ ಗಂಡುಗಲಿ ಪ್ರಪಂಚದಲ್ಲಿ ಇನ್ನೊಬ್ಬ ಇರಲಾರ ಎಂದು ಹೂಗೈಗೆ ಅನ್ನಿಸಿತು. ಅವನಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಕೈ ಮಾತ್ರ ತನ್ನ ಪಾಡಿಗೆ ಎಡಗೆನ್ನೆಗೆ ನೊರೆ ಬಳಿಯುತ್ತಿತ್ತು.

ಹೆಂಡತಿ ಎದ್ದು ಬಂದು ಅವನ ಮೊಣಕೈ ಹಿಡಿದಳು. “ನಿಲ್ಸಿ ರೀ. ಸಾರ್, ದುಡ್ಡು.”

ಯಜಮಾನ ಒಂದು ಕಣ್ಣು ತೆರೆದ. “ಅಯ್ಯೋ ತಾಯಿ, ಇಲ್ಲ ಅಂದ್ನಾ? ಆ ಖಾನೆಯಲ್ಲಿ ಅರ್ಧ ಇದೆ, ತಗೊ. ಇನ್ನರ್ಧ ಮುಂದಿನ ತಿಂಗಳು.”

ಅವಳು ಖಾನೆ ಎಳೆದು, ದುಡ್ಡು ತೆಗೆದು ಚೀಲಕ್ಕೆ ಹಾಕಿಕೊಂಡಳು. “ಸರಿ ಹಾಗಾದ್ರೆ. ಗಡ್ಡಾನೂ ಅರ್ಧ ಆಗಿದೆ. ಇನ್ನರ್ಧ ಮುಂದಿನ ತಿಂಗಳು ಬಂದು ತೆಗೀತಾರೆ.”

ಯಜಮಾನ ಹೊಟ್ಟೆ ಕುಲುಕಿಸಿ ನಕ್ಕ. “ಅವನೆಲ್ಲಿ ಬಿಟ್ಟು ಹೋಗ್ತಾನಮ್ಮ! ಅವನ ಕೈ ಗುಣ ನಂಗೊತ್ತಿಲ್ವಾ?”

ಮಾತು ಸುಳ್ಳಲ್ಲ. ಹೂಗೈ ಆಗಲೇ ಎಡಗಿವಿಯತ್ತ ಬಾಗಿದ್ದ. ಹೆಂಡತಿ ಅವನ ಕೈಯಿಂದ ಕತ್ತಿ ಕಸಿದು ಮೇಜಿನ ಮೇಲಿಟ್ಟು, ಸಂತೆಯಲ್ಲಿ ಮಗುವನ್ನು ಎಳೆದುಕೊಂಡು ಹೋಗುವ ಹಾಗೆ ಬೀದಿಗೆ ಎಳೆದುಕೊಂಡು ಬಂದಳು.

“ಕೈ ಕಡೀತಾ ಇದೆ ಕಣೇ,” ಎಂದು ಅವನು ಗೋಗರೆದ. “ಅರ್ಧಂಬರ್ಧ ಕೆಲಸ ನಾನು ಯಾವತ್ತಾದ್ರೂ ಮಾಡಿದ್ದೀನಾ? ಯಾರು ಮಾಡಿದ್ದು ಅಂತ ಬೀಗರು ಕೇಳಿದ್ರೆ ನನ್ನ ಹೆಸರೇ ಹೇಳ್ತಾನೆ!”

“ಹೇಳ್ಲಿ ಬಿಡಿ. ತಿರುಗಿ ನೋಡಿದ್ರೋ, ಗ್ರಹಚಾರ ಬಿಡಿಸ್ತೀನಿ.”

ಅವನು ತಿರುಗಿ ನೋಡಿಯೇ ನೋಡಿದ. ಸಲೂನಿಗೆ ಯಜಮಾನನಾದರೂ ಒಂದು ದಿನವೂ ಕತ್ತಿ ಹಿಡಿದು ಗೊತ್ತಿಲ್ಲದ ಮನುಷ್ಯ, ಕೊರಳಿಗೆ ಬಟ್ಟೆ ಕಟ್ಟಿಕೊಂಡೇ, ಮುಷ್ಟಿಯಲ್ಲಿ ನೋಟು ಹಿಡಿದು ಓಡಿಬರುತ್ತಿದ್ದ. ಬೀದಿಯವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

“ತಗೊಳ್ಳಮ್ಮ, ಇನ್ನರ್ಧಾನೂ ಪೂರ್ತಿ ಇದೆ. ಮೊದಲು ನಿನ್ನ ಗಂಡನ್ನ ಕೊಡು!”

ಹೆಂಡತಿ ನೋಟು ಕಿತ್ತುಕೊಂಡು ಅಲ್ಲೇ ಎಣಿಸಲು ನಿಂತಳು. ಹೂಗೈ ನೋಟಿನ ಕಡೆ ನೋಡಲೇ ಇಲ್ಲ. ಯಜಮಾನನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಮರುಗಿದ:

“ಅಯ್ಯಯ್ಯೋ, ನೊರೆ ಎಲ್ಲಾ ಒಣಗಿಹೋಗಿದೆಯಲ್ಲ ಸಾರ್!”